ಹಿಸ್ಟರಿ ಕೇಳುವುದನ್ನು ಕಲಿಸುವವರು ಯಾರು?

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಮೆಡಿಕಲ್ ಓದುವ ಹುಡುಗ ಹುಡುಗಿಯರಿಗೆ ರೋಗಿಗಳ ಜೊತೆ, ಅವರ ಮನೆಯವರ ಜೊತೆ ಮಾತಾಡುವುದನ್ನು, ಕಾಯಿಲೆಯ ಕಥೆ ಕೇಳಿ ತಿಳಿಯುವುದನ್ನು (ಇದಕ್ಕೇ ನಾವು ‘ಹಿಸ್ಟರಿ’ ಅನ್ನುವುದು) ಯಾರಾದರೂ ಕಲಿಸುತ್ತಾರಾ, ಕಲಿಸಿದರೆ ಹೇಗೆ ಅಂತ ಕೇಳಿ ಈ ಸಲ ತುಂಬಾ ಪತ್ರಗಳು ಬಂದಿವೆ. ವಿದ್ಯಾರ್ಥಿಗಳು ಬರೆದಿದ್ದಾರೆ, ಪಾಠ ಮಾಡುವವರು ಬರೆದಿದ್ದಾರೆ, ವಾರ್ಡಿನಲ್ಲಿ ಮಲಗಿ ಎದ್ದು ಬಂದವರೂ ಬರೆದಿದ್ದಾರೆ. ಹಾಗಾಗಿ ಪೂರ್ತಿ ಅಂಕಣ ಇದಕ್ಕೇ. ಬಿಪಿ, ಶುಗರ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಅಲ್ಲಿಯವರೆಗೆ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಮೇಡಂ, ನಾನು ಎಂಬಿಬಿಎಸ್ ಎರಡನೇ ವರ್ಷ. ಈಗಷ್ಟೇ ವಾರ್ಡ್ ಪೋಸ್ಟಿಂಗ್ ಶುರುವಾಗಿದೆ. ಪುಸ್ತಕದಲ್ಲಿರುವ ಪ್ರಶ್ನೆಗಳನ್ನೆಲ್ಲಾ ಸಾಲಾಗಿ ಕೇಳುತ್ತೇನೆ, ಪೇಷೆಂಟ್ ‘ಹೌದು’, ‘ಇಲ್ಲ’ ಅಂತಾರೆ, ಐದು ನಿಮಿಷಕ್ಕೆ ಎಲ್ಲಾ ಮುಗಿಯುತ್ತೆ. ಅದೇ ಪೇಷೆಂಟ್ ನಮ್ಮ ಪಿಜಿ ಅಕ್ಕ (ಎಂಬಿಬಿಎಸ್ ಮುಗಿಸಿ ಮುಂದೆ ಓದ್ತಿರೋರು) ಬಂದು ಕೂತರೆ ಇಡೀ ಕಥೆ ಹೇಳ್ತಾರೆ. ನನಗೆ ಮಾತಾಡೋಕೆ ಬರಲ್ವಾ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ ನೋಡಿ. ಪಿಜಿ ಅಕ್ಕ ಬಂದು ‘ಕೂತರೆ’ ಅಂದಿರಿ. ಒಂದು ಸ್ಟೂಲ್ ಎಳೆದುಕೊಂಡು ನೀವೂ ಕೂತ್ಕೊಳ್ಳಿ. ಮಲಗಿದವರ ತಲೆಯ ಹತ್ತಿರ ಐದಾರು ಬಿಳಿ ಕೋಟುಗಳು ನಿಂತರೆ ಎಂಥವರಿಗೂ ಬಾಯಿ ಕಟ್ಟುತ್ತೆ. ನಿಮ್ಮ ಹೆಸರು ಹೇಳಿ. ಇನ್ನೂ ಓದ್ತಾ ಇದ್ದೀನಿ, ನಿಮ್ಮ ಹತ್ರ ಸ್ವಲ್ಪ ಕೇಳಬಹುದಾ ಅಂತ ಅನುಮತಿ ಕೇಳಿ. ಅಜ್ಜ, ಅಜ್ಜಿ, ಅಕ್ಕ, ಕಾಕಾ, ನಿಮ್ಮ ಊರಲ್ಲಿ ಹೇಗೆ ಕರೆಯುತ್ತೀರೋ ಹಾಗೇ ಕರೆಯಿರಿ. ‘ಹನ್ನೆರಡನೇ ಬೆಡ್’ ಅಂತ ಮಾತ್ರ ಅವರಿಗೆ ಕೇಳುವ ಹಾಗೆ ಅನ್ನಬೇಡಿ.

ಆಮೇಲೆ ಒಂದೇ ಪ್ರಶ್ನೆ ಕೇಳಿ. ‘ಏನಾಯ್ತು, ಮೊದಲಿಂದ ಹೇಳಿ.’ ಕೇಳಿ ಸುಮ್ಮನಿರಿ. ಕಷ್ಟ ಇರುವುದು ಈ ಸುಮ್ಮನಿರುವುದರಲ್ಲಿ.

ಯಾಕೆ ಅಂತ ತೋರಿಸುತ್ತೇನೆ. ಐವತ್ತೈದು ದಾಟಿದ ರೈತ ಒಬ್ಬರು ಅಡ್ಮಿಟ್ ಆಗಿದ್ದಾರೆ ಅಂತಿಟ್ಟುಕೊಳ್ಳಿ. ನೀವು ಪುಸ್ತಕದ ಪ್ರಕಾರ ‘ಎದೆನೋವು ಇದೆಯಾ?’ ಅಂತೀರಿ. ಅವರು ‘ಇಲ್ರಿ’ ಅಂತಾರೆ. ನೀವು ‘ಎದೆನೋವು ಇಲ್ಲ’ ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗ್ತೀರಿ. ಅದೇ ಮನುಷ್ಯನಿಗೆ ಮೊದಲಿಂದ ಹೇಳಿ ಅಂದಿದ್ದರೆ, ‘ಹೊಲಕ್ಕ ಹೋಗೂ ಮುಂದ ಏರಿ ಹತ್ತಬೇಕಾಗ್ತದರಿ, ಅರ್ಧಕ್ಕ ಬಂದ್ರ ಎದಿ ಬಿಗದಂಗ ಆಗ್ತದ, ಎಡಗೈ ಜೋಮ್ ಹಿಡಿತದ, ನಿಂತ್ರ ಕಮ್ಮಿ ಆಗ್ತದರಿ’ ಅಂತಿದ್ದರು. ಹೃದಯಕ್ಕೆ ರಕ್ತ ಸಾಲದೆ ಬರುವ ಆಂಜೈನಾ ಅಂದರೆ ಇದೇ, ಪುಸ್ತಕದಲ್ಲಿ ಇರುವ ಹಾಗೇ. ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಆಗುತ್ತಿದ್ದದ್ದು ಬಿಗಿತ, ನೋವು ಅಂತ ಅವರು ಯಾವತ್ತೂ ಅಂದುಕೊಂಡೇ ಇರಲಿಲ್ಲ.

ಮಾತಾಡೋಕೆ ಬಿಟ್ಟರೆ ಗಂಟೆಗಟ್ಟಲೆ ಕೊರೀತಾರೆ ಅಂತ ನಿಮ್ಮ ಸೀನಿಯರ್‌ಗಳು ಹೇಳಿರಬಹುದು. 1984ರಲ್ಲಿ ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನುವವರು ಡಾಕ್ಟರ್ ರೂಮಿನ ಮಾತುಕತೆ ಟೇಪ್ ಮಾಡಿ ನೋಡಿದರು. ರೋಗಿ ಬಾಯಿ ಬಿಟ್ಟು ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ನಡುವೆ ಬಾಯಿ ಹಾಕುತ್ತಿದ್ದರು. 2002ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇದರ ಉಲ್ಟಾ ಮಾಡಿ ನೋಡಿದರು. ರೋಗಿ ತಾನಾಗೇ ಮುಗಿಸುವವರೆಗೆ ಮಾತಾಡಬೇಡಿ ಅಂತ ಡಾಕ್ಟರುಗಳಿಗೆ ಹೇಳಿ, ಗೊತ್ತಾಗದ ಹಾಗೆ ಟೈಮ್ ನೋಡಿದರು. 335 ರೋಗಿಗಳು ಸರಾಸರಿ ಮಾತಾಡಿದ್ದು 92 ಸೆಕೆಂಡ್. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ಮುಗಿಸಿದರು. ನಮ್ಮ ಅಜ್ಜಿಯಂದಿರು ಮೊಮ್ಮಗಳ ಮದುವೆ ವಿಷಯವನ್ನೂ ಸೇರಿಸಿ ಹೇಳ್ತಾರೆ, ಒಪ್ತೀನಿ. ಒಂದು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.

ಪುಸ್ತಕದ ಪ್ರಶ್ನೆಗಳು ಬೇಕು, ಬಿಸಾಡಬೇಡಿ. ಆದರೆ ಅವು ಆಮೇಲೆ. ಅವರು ಹೇಳಿದ್ದರಲ್ಲಿ ಖಾಲಿ ಉಳಿದ ಜಾಗ ತುಂಬುವುದಕ್ಕೆ.

ಸ್ಕ್ಯಾನ್, ಎಂಆರ್‌ಐ, ನೂರೆಂಟು ರಕ್ತಪರೀಕ್ಷೆ ಎಲ್ಲಾ ಇದೆ. ಈಗ ಎಐ ಕೂಡ ಬಂದಿದೆ. ಮಾತಾಡೋದನ್ನು ಕಲಿಸಲು ಕಾಲೇಜುಗಳು ಟೈಮ್ ಹಾಳುಮಾಡಬೇಕಾ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

1975ರಲ್ಲಿ ಇಂಗ್ಲೆಂಡಿನಲ್ಲಿ ಹ್ಯಾಂಪ್ಟನ್ ಮತ್ತು ಅವರ ಜೊತೆಯವರು ಹೊಸದಾಗಿ ಓಪಿಡಿಗೆ ಬಂದ 80 ಜನರ ಲೆಕ್ಕ ಇಟ್ಟರು. ಕಳಿಸಿದ ಡಾಕ್ಟರ್ ಪತ್ರ ಓದಿ, ಹಿಸ್ಟರಿ ಕೇಳಿದ ಮೇಲೆ ಏನು ಕಾಯಿಲೆ ಅಂತ ಅಂದುಕೊಂಡರೋ, 66 ಜನರಲ್ಲಿ ಕೊನೆಗೂ ಅದೇ ಆಗಿತ್ತು. ಮೈ ಮುಟ್ಟಿ ಪರೀಕ್ಷೆ ಮಾಡಿದ್ದರಿಂದ ಅಭಿಪ್ರಾಯ ಬದಲಾದದ್ದು 7 ಜನರಲ್ಲಿ, ಲ್ಯಾಬ್‌ನಿಂದ ಇನ್ನು 7 ಜನರಲ್ಲಿ. ಹಳೇ ಕಾಲದ ಲೆಕ್ಕ, ಆಗ ಇಷ್ಟು ಮೆಷಿನ್ ಇರಲಿಲ್ಲ ಅಂತೀರಿ, ಸರಿ. ಆದರೆ ತಲೆನೋವು ಅಂತ ಬಂದ ನೂರು ಜನರಲ್ಲಿ ಯಾರನ್ನು ಈಗಿಂದೀಗಲೇ ಸ್ಕ್ಯಾನ್‌ಗೆ ಓಡಿಸಬೇಕು ಅಂತ ಮೆಷಿನ್ ಹೇಳಲ್ಲ. ‘ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತಲೆ ಸಿಡಿದ ಹಾಗಾಯ್ತು, ಜನ್ಮದಲ್ಲಿ ಇಂಥ ನೋವು ಬಂದಿರಲಿಲ್ಲ’ ಅನ್ನುವ ಒಂದು ಮಾತು ಹೇಳುತ್ತೆ.

ಇನ್ನೊಂದು. ಬಿಪಿ ಮಾತ್ರೆ ತಿಂಗಳ ಕೊನೆವರೆಗೆ ಬರಲಿ ಅಂತ ಅರ್ಧರ್ಧ ಮುರಿದು ನುಂಗುತ್ತಿರುವುದನ್ನು ಯಾವ ಸ್ಕ್ಯಾನ್ ತೋರಿಸುತ್ತೆ ಹೇಳಿ? ಅದು ಗೊತ್ತಾಗದ ಡಾಕ್ಟರ್ ಮಾತ್ರೆಯ ಡೋಸ್ ಜಾಸ್ತಿ ಮಾಡ್ತಾರೆ. ಅದಕ್ಕೆ ದುಡ್ಡೂ ಜಾಸ್ತಿ, ಮುರಿಯುವುದೂ ಜಾಸ್ತಿ.

ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎಟ್‌ಕಾಮ್ ಕ್ಲಾಸ್ ಲೆಕ್ಚರ್ ಹಾಲ್‌ನಲ್ಲಿ ನಡೆಯುತ್ತೆ, ಸ್ಲೈಡ್ ತೋರಿಸುತ್ತೇವೆ, ಲಾಗ್‌ಬುಕ್‌ಗೆ ಸಹಿ ಹಾಕುತ್ತೇವೆ. ಹುಡುಗರು ವಾರ್ಡಿಗೆ ಬಂದರೆ ಹಳೇ ರಾಗವೇ. ಒಂದು ಬ್ಯಾಚಿಗೆ ಇಪ್ಪತ್ತು ಜನ, ನಾನೊಬ್ಬ. ಏನು ಮಾಡಬಹುದು?
– ಸಹಾಯಕ ಪ್ರಾಧ್ಯಾಪಕ, ಮೆಡಿಸಿನ್ ವಿಭಾಗ

ಬೇರೆ ಓದುಗರಿಗಾಗಿ ಒಂದು ಮಾತು. ನಮ್ಮ ದೇಶದಲ್ಲಿ 2019ರಿಂದ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂದಿದೆ. ಅದರಲ್ಲಿ ನಡವಳಿಕೆ, ನೀತಿ, ಸಂವಹನ ಮೂರನ್ನೂ ಸೇರಿಸಿ ಎಟ್‌ಕಾಮ್ ಅಂತ ಒಂದು ಭಾಗ ಇದೆ, ಮೊದಲ ವರ್ಷದಿಂದ ಕೊನೇ ವರ್ಷದವರೆಗೆ ಕಡ್ಡಾಯ. ಅದಕ್ಕೂ ಮೊದಲು ಇದನ್ನೆಲ್ಲ ದೊಡ್ಡವರನ್ನು ನೋಡಿ ಕಲಿಯಬೇಕಿತ್ತು. ದೊಡ್ಡವರು ಬೈಯುವವರಾದರೆ ಬೈಯುವುದನ್ನೇ ಕಲಿತು ಬರುತ್ತಿದ್ದರು.

ಈಗ ನಿಮಗೆ ನೇರವಾಗಿ ಹೇಳ್ತೀನಿ ಸರ್. ತೊಂದರೆ ಸ್ಲೈಡ್‌ನದ್ದಲ್ಲ. ನಮ್ಮ ವಾರ್ಡಿನ ಪದ್ಧತಿ ನೋಡಿ. ಹುಡುಗ ಬೆಳಿಗ್ಗೆ ಒಬ್ಬನೇ ಹೋಗಿ ಕೇಸ್ ತಗೊಳ್ತಾನೆ. ಹತ್ತು ಗಂಟೆಗೆ ನಾವು ಬರುತ್ತೇವೆ, ಅವನು ಪ್ರೆಸೆಂಟ್ ಮಾಡ್ತಾನೆ, ನಾವು ಅವನ ಪ್ರೆಸೆಂಟೇಶನ್ ತಿದ್ದುತ್ತೇವೆ. ‘ಕೆಮ್ಮಿನ ಜೊತೆ ಕಫ ಇದೆಯಾ ಕೇಳಿದ್ಯಾ?’ ‘ಕೇಳಿದೆ ಸರ್, ಇಲ್ಲ ಸರ್.’ ಅವನು ಹೇಗೆ ಕೇಳಿದ, ಯಾವ ಮುಖ ಇಟ್ಟುಕೊಂಡು ಕೇಳಿದ, ಪೇಷೆಂಟ್ ಏನೋ ಹೇಳಲು ಹೊರಟಾಗ ತಡೆದನಾ, ಇದ್ಯಾವುದನ್ನೂ ಯಾರೂ ನೋಡಿಲ್ಲ. ಪರೀಕ್ಷೆಯಲ್ಲೂ ಹಾಗೇ, ಲಾಂಗ್ ಕೇಸ್‌ಗೆ (ಒಬ್ಬ ರೋಗಿಯನ್ನು ಪೂರ್ತಿ ನೋಡಿ ಹೇಳುವುದಕ್ಕೆ) ಮುಕ್ಕಾಲು ಗಂಟೆ ಕೊಟ್ಟು ನಾವು ಆ ಕಡೆ ಕಾಫಿಗೆ ಹೋಗುತ್ತೇವೆ. ಡ್ರೈವಿಂಗ್ ಕಲಿಸುವವನು ಪಕ್ಕದ ಸೀಟಿನಲ್ಲಿ ಕೂರದೆ, ಸಂಜೆ ಮನೆಗೆ ಬಂದ ಮೇಲೆ ‘ಹೇಗೆ ಓಡಿಸಿದೆ, ವಿವರಿಸು’ ಅಂದ ಹಾಗೆ ಇದು. ಐದೂವರೆ ವರ್ಷದಲ್ಲಿ ಒಂದು ಸಲವೂ ಯಾರೂ ನೋಡದೆ ಡಾಕ್ಟರ್ ಆಗಿ ಹೊರಗೆ ಬರಬಹುದು, ಬರುತ್ತಿದ್ದಾರೆ.

ಈ ಚಿಂತೆ ಹೊಸದಲ್ಲ. ಹೊವರ್ಡ್ ಬ್ಯಾರೋಸ್ ಅಂತ ಒಬ್ಬ ನರರೋಗ ತಜ್ಞರು, 1963ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ವಿದ್ಯಾರ್ಥಿಗಳು ರೋಗಿಯ ಮುಂದೆ ನಿಜವಾಗಿ ಏನು ಮಾಡ್ತಾರೆ ಅಂತ ತಿಳಿಯೋಕೆ ಆರೋಗ್ಯವಾಗಿದ್ದ ಒಬ್ಬ ಮಹಿಳೆಗೆ ಕಾಯಿಲೆಯವರ ಹಾಗೆ ನಟಿಸುವುದನ್ನು ಕಲಿಸಿದರು. ವಿದ್ಯಾರ್ಥಿ ಹೋದ ಮೇಲೆ ಏನು ಕೇಳಿದ, ಏನು ಬಿಟ್ಟ ಅಂತ ಆಕೆ ಬರೆದು ಕೊಡುತ್ತಿದ್ದರು. ಆಗ ಸಹೋದ್ಯೋಗಿಗಳು ಇದನ್ನು ಹಾಲಿವುಡ್ ಆಟ ಅಂತ ಆಡಿಕೊಂಡರು. ಈಗ ಪ್ರಪಂಚದ ತುಂಬಾ ಇದೇ ನಡೀತಿದೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಶುರುಮಾಡಿದ, ಒಂದೊಂದು ಕೆಲಸ ಮಾಡಿ ತೋರಿಸುವ ಆಸ್ಕೀ ಪರೀಕ್ಷೆ, ನಮ್ಮಲ್ಲೂ ಬಂದಿದೆಯಲ್ಲ, ಅದರ ಮೂಲ ಆಸೆಯೂ ಇದೇ. ಹುಡುಗ ಮಾಡುವಾಗ ಪರೀಕ್ಷಕ ಕಣ್ಣಾರೆ ನೋಡಬೇಕು.

ಇಪ್ಪತ್ತು ಜನಕ್ಕೆ ಒಬ್ಬರೇ ಅಂದಿರಿ. ಇಪ್ಪತ್ತು ಜನರನ್ನೂ ಬೆಡ್ ಸುತ್ತ ನಿಲ್ಲಿಸಬೇಡಿ. ನಾಲ್ಕು ಜನ ಬನ್ನಿ ಅನ್ನಿ, ಉಳಿದವರು ಪಿಜಿ ಜೊತೆ ಬೇರೆ ಕೆಲಸ ನೋಡಲಿ. ಪೇಷೆಂಟ್ ಒಪ್ಪಿಗೆ ತಗೊಂಡು, ಒಬ್ಬ ಹತ್ತು ನಿಮಿಷ ಕೇಳಲಿ. ಅವನು ನಡುವೆ ಎಷ್ಟು ಸಲ ಪೇಷೆಂಟ್ ಮಾತು ತಡೆದ ಅಂತ ಎರಡನೆಯವನು ಗೆರೆ ಹಾಕಲಿ. ಮೂರನೆಯವಳು ಪೇಷೆಂಟ್ ಮುಖ ಮಾತ್ರ ನೋಡಲಿ, ಯಾವ ಪ್ರಶ್ನೆಗೆ ಕಣ್ಣು ಕೆಳಗೆ ಹೋಯಿತು, ಯಾವಾಗ ಹೆಂಡತಿ ಕಡೆ ನೋಡಿದರು ಅಂತ. ನಾಲ್ಕನೆಯವಳು ಪಕ್ಕದಲ್ಲಿ ಕೂತ ಪೇಷೆಂಟ್ ಕಡೆಯವರನ್ನು ನೋಡಲಿ. ನೀವು ಬಾಯಿ ಮುಚ್ಚಿಕೊಂಡು ಕೂರಿ. ಇದು ನಿಮಗೇ ಎಲ್ಲಕ್ಕಿಂತ ಕಷ್ಟ ಆಗುತ್ತೆ ಅಂತ ಈಗಲೇ ಹೇಳಿರ್ತೀನಿ.

ಮುಗಿದ ಮೇಲೆ ಕೇಳಿದ ಹುಡುಗನಿಗೇ ಮೊದಲ ಮಾತು, ಎಲ್ಲಿ ಚೆನ್ನಾಗಿತ್ತು, ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ. ಆಮೇಲೆ ಜೊತೆಯವರು ಕಂಡದ್ದು ಹೇಳಲಿ. ‘ಚೆನ್ನಾಗಿ ಮಾತಾಡಿದ’ ಅಂದರೆ ಯಾರಿಗೂ ಏನೂ ಸಿಗಲ್ಲ. ‘ಮಗ ತೀರಿಕೊಂಡ ಅಂತ ಅವರು ಅಂದಾಗ ನೀನು ನಿದ್ದೆ ಸರಿಯಾಗಿ ಬರುತ್ತಾ ಅಂತ ಕೇಳಿದೆ’ ಅಂದರೆ ಅವನಿಗೆ ಜೀವಮಾನ ಮರೆಯಲ್ಲ. ಇದನ್ನು ಬೆಡ್ ಹತ್ತಿರ ಅಲ್ಲ, ಹೊರಗೆ ಕಾರಿಡಾರ್‌ನಲ್ಲಿ ಮಾಡಿ. ಕೊನೆಗೆ ಪೇಷೆಂಟ್‌ನೂ ಕೇಳಿ, ‘ನಮ್ಮ ಹುಡುಗ ಕೇಳಿದ್ದು ಹೇಗಿತ್ತಮ್ಮಾ?’ ಅಂತ. ಹೆಚ್ಚಿನವರು ಪಾಪ ಅಂತ ಒಳ್ಳೇದೇ ಹೇಳ್ತಾರೆ. ಆದರೂ ಕೇಳಿ.

ಬ್ಯಾರೋಸ್ ಮಾಡಿಸಿದಂಥ ನಟನೆಗೆ ಬಜೆಟ್ ಬೇಕಿಲ್ಲ. ನಮ್ಮ ರಾಜ್ಯದಲ್ಲಿ ಹವ್ಯಾಸಿ ನಾಟಕ ತಂಡ ಇಲ್ಲದ ಊರು ಹುಡುಕಬೇಕು. ಯಾರೂ ಸಿಗದಿದ್ದರೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ರಿಟೈರ್ ಆದ ಸಿಸ್ಟರ್ ಕೂಡ ಚೆನ್ನಾಗಿ ಮಾಡ್ತಾರೆ. ನಟಿಸುವವರ ಕೈಗೆ ಕೊಡುವ ಒಂದು ಚೀಟಿ ಹೀಗೆ ಬರೆಯಬಹುದು. ನಲವತ್ತೆರಡು ವರ್ಷದ ಹೆಂಗಸು, ಮನೆಕೆಲಸ ಮಾಡ್ತಾರೆ. ಮೊದಲ ಮಾತು, ‘ಸುಸ್ತು ಡಾಕ್ಟ್ರೇ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿ.’ ಮುಟ್ಟಿನಲ್ಲಿ ಹತ್ತು ದಿನ ರಕ್ತ ಹೋಗುತ್ತಿದೆ, ಆದರೆ ಅದನ್ನು ತಾನಾಗಿ ಹೇಳಬಾರದು, ಗಂಡ ಪಕ್ಕದಲ್ಲಿದ್ದರೆ ಕೇಳಿದರೂ ಹೇಳಬಾರದು. ಗಂಡನನ್ನು ಹೊರಗೆ ಕಳಿಸಿ, ಯಾಕೆ ಕೇಳ್ತಿದ್ದೀನಿ ಅಂತ ಹೇಳಿ ಕೇಳಿದರೆ ಹೇಳಬೇಕು. ಒಳಗೊಳಗೆ ಇರುವ ಭಯ ಒಂದೇ: ಅಕ್ಕನಿಗೂ ಹೀಗೇ ಆಗಿ ಗರ್ಭಕೋಶ ತೆಗೆದರು, ತನಗೂ ತೆಗೀತಾರೆ. ‘ನಿಮಗೆ ಏನಂತ ಅನುಮಾನ ಇದೆ?’ ಅಂತ ಕೇಳಿದರೆ ಮಾತ್ರ ಅದು ಹೊರಗೆ ಬರಬೇಕು. ಇಷ್ಟೇ ಚೀಟಿ. ಗ್ಲೂಕೋಸ್ ಬರೆದುಕೊಟ್ಟು ಎದ್ದವನಿಗೆ ರಕ್ತಹೀನತೆಯ ಕಾರಣವೇ ಸಿಗಲ್ಲ. ನಟಿಸುವವರಿಗೆ ಒಂದೇ ಎಚ್ಚರಿಕೆ, ಕಣ್ಣೀರು ಸುರಿಸೋಕೆ ಹೋಗಬೇಡಿ, ಪ್ರತಿ ವಿದ್ಯಾರ್ಥಿಗೂ ಅದೇ ಕಥೆ ಅದೇ ಥರ ಸಿಗಬೇಕು.

ನನ್ನ ಮಗುವನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ್ದೆವು. ಒಂದೇ ದಿನ ಮೂರು ನಾಲ್ಕು ಗುಂಪು ಬಂದು ಅದನ್ನೇ ಕೇಳಿದರು. ಎಲ್ಲರೂ ಜೋರಾಗಿ, ‘ಸಂಬಂಧದಲ್ಲಿ ಮದುವೆನಾ?’ ಅಂತ. ನಾನು ಸೋದರಮಾವನನ್ನೇ ಮದುವೆ ಆಗಿರೋದು. ಒಬ್ಬಳು ಹುಡುಗಿ ಇನ್ನೊಬ್ಬಳ ಮುಖ ನೋಡಿದಳು. ಉತ್ತರ ಕೊಡಲ್ಲ ಅನ್ನಬಹುದಾ?
– ತಾಯಿ, ಮಂಡ್ಯ ಜಿಲ್ಲೆ

ಅನ್ನಬಹುದು ತಾಯಿ. ವಿದ್ಯಾರ್ಥಿಗಳ ಜೊತೆ ಮಾತಾಡುವುದು ನಿಮ್ಮ ಇಷ್ಟ. ‘ಈಗ ಬೇಡ’ ಅಂದರೆ ಮಗುವಿನ ಚಿಕಿತ್ಸೆಗೆ ಏನೂ ತೊಂದರೆ ಆಗಕೂಡದು. ಚಿಕಿತ್ಸೆ ಮಾಡುವ ಡಾಕ್ಟರ್ ಕೇಳಿದಾಗ ಮಾತ್ರ ಹೇಳಿ, ಅದು ಅವರಿಗೆ ಬೇಕು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಜೀನ್‌ಗಳು ಸುಮಾರು ಕಾಲು ಭಾಗ ಒಂದೇ ಇರುತ್ತವೆ. ಹಾಗಾಗಿ ಕೆಲವು ಕಾಯಿಲೆಗಳನ್ನು ಹುಡುಕಬೇಕಾ ಬೇಡವಾ ಅಂತ ತೀರ್ಮಾನ ಮಾಡಲು ಈ ಪ್ರಶ್ನೆ ಸಹಾಯ ಮಾಡುತ್ತೆ. ಇಂಥ ಮದುವೆಗಳಲ್ಲಿ ಹುಟ್ಟಿದ ಹೆಚ್ಚಿನ ಮಕ್ಕಳು ಆರೋಗ್ಯವಾಗೇ ಇರುತ್ತಾರೆ. ನಿಮ್ಮದು ತಪ್ಪು ಅಂತ ಯಾರೂ ಹೇಳುವ ಹಾಗಿಲ್ಲ.

ಇದನ್ನು ಓದುವ ವಿದ್ಯಾರ್ಥಿಗಳೇ, ಆ ತಾಯಿಗೆ ನಿಮ್ಮ ಪ್ರಶ್ನೆ ಮರೆತಿರಬಹುದು, ನೀವು ಮುಖ ಮುಖ ನೋಡಿಕೊಂಡದ್ದು ಮರೆತಿಲ್ಲ. ದನಿ ತಗ್ಗಿಸಿ, ‘ಎಲ್ಲಾ ಮಕ್ಕಳ ಅಪ್ಪ ಅಮ್ಮನಿಗೂ ಇದನ್ನು ಕೇಳ್ತೀವಿ’ ಅಂತ ಮೊದಲು ಹೇಳಿ, ಆಮೇಲೆ ಕೇಳಿ. ಬೆಳಿಗ್ಗೆ ಬೇರೆ ಬ್ಯಾಚ್ ಕೇಳಿ ಹೋಗಿದ್ದರೆ ಇನ್ನೊಂದು ಬೆಡ್‌ಗೆ ಹೋಗಿ. ‘ಒಳ್ಳೇ ಕೇಸ್’ ಅಂತ ಒಂದೇ ಮಗುವಿನ ಮೇಲೆ ಎಲ್ಲರೂ ಮುಗಿಬೀಳುವುದನ್ನು ಯೂನಿಟ್‌ನ ದೊಡ್ಡವರೇ ತಡೆಯಬೇಕು.

ಮೇಡಂ, ಕಾಲೇಜಿನ ಹುಡುಗರು ಕುಟುಂಬ ದತ್ತು ಅಂತ ನಮ್ಮೂರಿಗೆ ಬರ್ತಾರೆ. ಅಂಗಳದಲ್ಲಿ ನಿಂತು ಫಾರ್ಮ್ ಹಿಡಿದು ಆದಾಯ ಎಷ್ಟು, ಯಾರು ಕುಡೀತಾರೆ ಅಂತ ಕೇಳ್ತಾರೆ. ಸೊಸೆಗೆ ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ.
– ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ

ಹೊಸ ಪಠ್ಯಕ್ರಮದಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಮನೆಗಳನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕು ಅಂತ ಇದೆ. ಒಳ್ಳೇ ಯೋಚನೆ. ಆದರೆ ಫಾರ್ಮ್ ತುಂಬಿಸುವುದೇ ಕೆಲಸ ಅಂದುಕೊಂಡರೆ ಕೆಟ್ಟಿತು. ಮೊದಲ ಸಲ ಹೋದಾಗ ಫಾರ್ಮ್ ಬ್ಯಾಗಿನಲ್ಲೇ ಇರಲಿ ಅಂತ ಅವರಿಗೆ ನೀವೇ ಹೇಳಿ. ಕೂತು ನೀರು ಕುಡಿದು, ಯಾರು ಯಾರು ಇದ್ದೀರಿ, ಮಕ್ಕಳು ಎಲ್ಲಿ ಓದ್ತಾರೆ ಅಂತ ಮಾತಾಡಿ ಬರಲಿ. ಆದಾಯ, ಕುಡಿತ ಎರಡನೇ ಭೇಟಿಗೆ, ಒಳಗೆ ಕೂತು.

ಅತ್ತೆಯನ್ನು ದೂರ ಇಡೋಕೆ ಹೋದರೆ ಆ ಮನೆಯ ಬಾಗಿಲೇ ಮುಚ್ಚುತ್ತೆ. ಮೊದಲು ಅವರು ಹೇಳುವುದನ್ನು ಪೂರ್ತಿ ಕೇಳಬೇಕು, ಅವರ ಮಂಡಿನೋವನ್ನೂ ಸೇರಿಸಿ. ಆಮೇಲೆ ‘ಬಿಪಿ ನೋಡಬೇಕು, ಒಳಗೆ ಬರ್ತೀರಾ ಅಕ್ಕಾ’ ಅಂತ ಸೊಸೆಯನ್ನು ಕರೆದು ಅಲ್ಲಿ ಕೇಳಬೇಕು. ಗಂಡು ಹುಡುಗರಾದರೆ ಜೊತೆಗೆ ನೀವಿರಿ. ಇದನ್ನು ನಮ್ಮ ಪ್ರಾಧ್ಯಾಪಕರಿಗಿಂತ ನೀವು ಚೆನ್ನಾಗಿ ಕಲಿಸಬಲ್ಲಿರಿ, ಕಾಲೇಜಿನವರು ನಿಮ್ಮನ್ನು ಒಂದು ಕ್ಲಾಸಿಗೆ ಕರೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

ನಾನು ಹೌಸ್ ಸರ್ಜನ್. ಕ್ಯಾನ್ಸರ್ ಅಂತ ಬಯಾಪ್ಸಿ ರಿಪೋರ್ಟ್ ಬಂತು. ಮಗ ಕಾರಿಡಾರ್‌ನಲ್ಲಿ ನಿಲ್ಲಿಸಿ, ‘ಅಪ್ಪನಿಗೆ ಹೇಳಬೇಡಿ ಸರ್, ತಡ್ಕೊಳಲ್ಲ’ ಅಂತ ಕೈ ಮುಗಿದ. ಅಪ್ಪ ನನ್ನನ್ನು ಕಂಡಾಗೆಲ್ಲ ‘ರಿಪೋರ್ಟ್ ಬಂತಾ?’ ಅಂತಾರೆ. ನಾನು ಆ ವಾರ್ಡ್ ಕಡೆ ಹೋಗುವುದನ್ನೇ ಬಿಟ್ಟಿದ್ದೀನಿ.
– ಶಿವಮೊಗ್ಗ

ವಾರ್ಡಿಗೆ ವಾಪಸ್ ಹೋಗಿ, ಆದರೆ ಒಬ್ಬರೇ ಹೋಗಬೇಡಿ. ಇದು ನಿಮ್ಮ ಯೂನಿಟ್‌ನ ಹಿರಿಯರು ಮಾಡಬೇಕಾದ ಕೆಲಸ, ನೀವು ಪಕ್ಕದಲ್ಲಿ ಕೂತು ನೋಡಬೇಕಾದ ಕೆಲಸ.

ಮೊದಲು ಮಗನ ಜೊತೆ ಮಾತಾಡಿ. ‘ಹೇಳಲೇಬೇಕು, ಅವರ ಹಕ್ಕು’ ಅಂತ ಶುರುಮಾಡಿದರೆ ಅವನು ಪೇಷೆಂಟ್‌ನ ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗ್ತಾನೆ. ಅಪ್ಪನ ಮೇಲಿನ ಪ್ರೀತಿಗೇ ಅವನು ಹಾಗೆ ಅನ್ನುತ್ತಿರುವುದು. ‘ಹೇಳಿದರೆ ಏನಾಗಬಹುದು ಅಂತ ನಿಮಗೆ ಹೆದರಿಕೆ?’ ಅಂತ ಕೇಳಿ. ಮನೆಯಲ್ಲಿ ಇನ್ಯಾರಿಗೋ ಹೀಗೇ ಆಗಿರಬಹುದು. ಎಲ್ಲಾ ಕೇಳಿದ ಮೇಲೆ, ‘ನಾನಾಗಿ ಆ ಹೆಸರು ಎತ್ತಲ್ಲ. ಆದರೆ ಅವರಿಗೆ ಎಷ್ಟು ಗೊತ್ತಿದೆ, ಇನ್ನೂ ಎಷ್ಟು ತಿಳಿಯಬೇಕು ಅಂತಿದ್ದಾರೆ ಅಂತ ಕೇಳ್ತೀನಿ. ಅವರೇ ನೇರವಾಗಿ ಕೇಳಿದರೆ ಸುಳ್ಳು ಹೇಳೋಕಾಗಲ್ಲ. ನೀವೂ ಪಕ್ಕದಲ್ಲಿರಿ’ ಅನ್ನಿ. ಹೆಚ್ಚಿನ ಮಕ್ಕಳು ಇದಕ್ಕೆ ಒಪ್ಪುತ್ತಾರೆ.

ಅಪ್ಪನ ಹತ್ತಿರ ‘ಏನಾಗಿದೆ ಅಂತ ನಿಮಗೆ ಅನಿಸುತ್ತೆ ಯಜಮಾನ್ರೇ?’ ಅಂತ ಶುರುಮಾಡಿ. ಎಷ್ಟೋ ಜನಕ್ಕೆ ಗೊತ್ತಿರುತ್ತೆ. ಕ್ಯಾನ್ಸರ್ ಆಸ್ಪತ್ರೆಯ ಬೋರ್ಡ್ ಓದಿಕೊಂಡೇ ಒಳಗೆ ಬಂದವರು, ಮಗ ಹೆದರ್ತಾನೆ ಅಂತ ಅವರೂ ಬಾಯಿ ಬಿಡದೆ ಕೂತಿರ್ತಾರೆ. ಕೆಲವರು ‘ಎಲ್ಲಾ ಮಗನಿಗೇ ಹೇಳಿ, ನನಗೆ ಬೇಡ’ ಅಂತಾರೆ. ಅದೂ ಸರಿಯೇ, ಅದು ಅವರ ತೀರ್ಮಾನ. 2000ದಲ್ಲಿ ಬೇಲ್, ಬಕ್‌ಮನ್ ಮೊದಲಾದವರು ಕೆಟ್ಟ ಸುದ್ದಿ ಹೇಳಲು ಸ್ಪೈಕ್ಸ್ ಅಂತ ಆರು ಹಂತ ಮಾಡಿಕೊಟ್ಟರು. ಒಳ್ಳೇ ಜಾಗ ನೋಡಿ ಕೂರು, ಅವರಿಗೆ ಏನು ಗೊತ್ತಿದೆ ಕೇಳು, ಎಷ್ಟು ಬೇಕು ಕೇಳು, ಆಮೇಲೆ ಹೇಳು, ಅವರ ಸಂಕಟಕ್ಕೆ ಸ್ಪಂದಿಸು, ಮುಂದೇನು ಅಂತ ಮಾತಾಡು. ನೋಡಿ, ಹೇಳುವುದು ನಾಲ್ಕನೆಯದು. ನಮ್ಮ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮವೂ ಕಾಯಿಲೆಯ ಗಂಭೀರತೆಯನ್ನು ಹೆಚ್ಚಿಸಿ ಹೇಳಬಾರದು, ಇಳಿಸಿಯೂ ಹೇಳಬಾರದು ಅನ್ನುತ್ತೆ. ಅದರಲ್ಲಿ ರೋಗಿಯ ಜೊತೆ ಮನೆಯವರ ಹೆಸರೂ ಇದೆ, ಹಾಗಾಗಿ ಮಗನನ್ನು ಅಡ್ಡಗಾಲು ಅಂತ ನೋಡಬೇಡಿ.

ಫೋನ್ ಸೈಲೆಂಟ್ ಮಾಡಿ. ಕಾರಿಡಾರ್‌ನಲ್ಲಿ ನಿಂತು ಮಾತ್ರ ಏನೂ ಹೇಳಬೇಡಿ.

ನಾನು ಹೊರರಾಜ್ಯದವಳು, ಮಂಗಳೂರಿನಲ್ಲಿ ಎಂಬಿಬಿಎಸ್. ಈ ಪ್ರಶ್ನೆಯನ್ನು ರೂಮ್‌ಮೇಟ್ ಕನ್ನಡದಲ್ಲಿ ಬರೆದುಕೊಟ್ಟಿದ್ದಾಳೆ. ಕನ್ನಡ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದ್ದೀನಿ. ಆದರೆ ಉತ್ತರ ಅರ್ಥವಾಗಲ್ಲ, ಅರ್ಧ ಜನ ತುಳು ಮಾತಾಡ್ತಾರೆ.

ಬಾಯಿಪಾಠ ಮಾಡಿದವರ ಪಾಡೇ ಇದು. ಪ್ರಶ್ನೆ ಸ್ಪಷ್ಟವಾಗಿ ಕೇಳಿದಷ್ಟೂ ‘ಓ, ಇವಳಿಗೆ ಭಾಷೆ ಬರುತ್ತೆ’ ಅಂತ ಅವರು ಜೋರಾಗಿ ಶುರುಮಾಡ್ತಾರೆ! ಫೌಂಡೇಶನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆ ಕಲಿಸುತ್ತಾರೆ, ಅದು ಬಸ್ ಹತ್ತಲು ಸಾಕು, ಹಿಸ್ಟರಿಗೆ ಸಾಲದು. ದಿನಾ ಸಂಜೆ ಸಿಸ್ಟರ್ ಹತ್ತಿರ, ಆಯಾ ಹತ್ತಿರ ಕೂತು ಉತ್ತರಗಳನ್ನು ಕಲಿಯಿರಿ. ಜನ ಸುಸ್ತನ್ನು, ಉರಿಯನ್ನು, ದಮ್ಮನ್ನು, ತಲೆಸುತ್ತನ್ನು ಹೇಗೆ ಹೇಳ್ತಾರೆ ಅಂತ ಬರೆದಿಟ್ಟುಕೊಳ್ಳಿ. ವಾರ್ಡಿನಲ್ಲಿ ‘ನನಗೆ ಕನ್ನಡ ಸ್ವಲ್ಪ ಬರುತ್ತೆ, ನಿಧಾನ ಹೇಳಿ ಅಮ್ಮ’ ಅನ್ನಿ. ಅರ್ಥವಾದದ್ದನ್ನು ನಿಮ್ಮ ಹರಕು ಕನ್ನಡದಲ್ಲೇ ವಾಪಸ್ ಹೇಳಿ, ಸರಿನಾ ಅಂತ ಕೇಳಿ. ತಪ್ಪಿದ್ದರೆ ಅವರೇ ನಕ್ಕು ತಿದ್ದುತ್ತಾರೆ.

ತುಳುವಿಗೆ ಸಹಪಾಠಿಯನ್ನೋ ಸಿಸ್ಟರನ್ನೋ ಕರೆದುಕೊಳ್ಳಿ. ಆಗಲೂ ಪೇಷೆಂಟ್ ಮುಖ ನೋಡಿ ಕೇಳಿ, ಅನುವಾದ ಮಾಡುವವರ ಮುಖ ಅಲ್ಲ. ಮುಟ್ಟು, ಬಿಳಿ ಸೆರಗು, ಗಂಡನ ಹೊಡೆತ ಇಂಥ ವಿಷಯಕ್ಕೆ ಅವರ ಮಕ್ಕಳನ್ನು ಅನುವಾದಕ್ಕೆ ಕೂರಿಸಬೇಡಿ, ಆ ಮಗು ಎಷ್ಟೇ ಚುರುಕಾಗಿರಲಿ. ಸಿಸ್ಟರ್ ಡ್ಯೂಟಿಗೆ ಬರುವವರೆಗೆ ಆ ಪ್ರಶ್ನೆ ಕಾಯಲಿ.